ಎರಡೇ ಪಿಜ್ಜಾಗೆ ಇಷ್ಟು ಕ್ಯೂ ಯಾಕೆ?

ಎರಡೇ ಎರಡು ಪಿಜ್ಜಾದಿಂದ
ಒಂದು ಹೋಟೆಲ್ ಜಗತ್ತಿಗೇ ಹೆಸರಾಗೋಕೆ ಸಾಧ್ಯನಾ?

ಇಟಲಿಯ ನೇಪಲ್ಸ್.
ಹಳೇ ಪೇಟೆಯ ನಡುವೆ 'ದಾ ಮಿಕೇಲೆ'.
1870ರಲ್ಲಿ ಶುರುವಾದ ಮನೆತನದ ಕಸುಬು.

ಬಾಗಿಲಲ್ಲಿ ನಂಬರ್ ಚೀಟಿ ತಗೊಳ್ಳಿ.
ಆಮೇಲೆ ಬೀದೀಲೇ ಕಾಯಿರಿ.
ಒಳಗೆ ಅಮೃತಶಿಲೆಯ ಮೇಜು,
ಪಕ್ಕದಲ್ಲಿ ಯಾರೋ ಗುರುತಿಲ್ಲದವರು.

ಬಹುಕಾಲ ಇಲ್ಲಿ ಸಿಗ್ತಿದ್ದದ್ದು ಎರಡೇ ಪಿಜ್ಜಾ.
ಮೊದಲನೇದು ಮಾರ್ಗರೀಟಾ.
ಅದು ನಿಮಗೆ ಗೊತ್ತೇ ಇದೆ.
ಇನ್ನೊಂದು ಮರಿನಾರಾ.
ಹೆಸರಲ್ಲಿ ಸಮುದ್ರ ಇದೆ, ಮೀನಿಲ್ಲ!
ಚೀಸ್ ಕೂಡ ಇಲ್ಲ.
ಟೊಮೆಟೊ, ಬೆಳ್ಳುಳ್ಳಿ, ಒರಿಗಾನೊ, ಎಣ್ಣೆ. ಅಷ್ಟೇ.
ನನ್ನ ಓಟು ಇದಕ್ಕೇ.

ಈಗ ಒಲೆ ನೋಡಿ.
ಸೌದೆ ಉರಿ, 450 ಡಿಗ್ರಿ ಆಸುಪಾಸು.
ಬೇಯೋಕೆ 60ರಿಂದ 90 ಸೆಕೆಂಡ್ ಸಾಕು.
ಕಾದ ಕಾವಲಿ ಮೇಲೆ ನೀರುದೋಸೆ ಏಳುತ್ತಲ್ಲ,
ಅಷ್ಟು ಬೇಗ!

ಅದಕ್ಕೇ ಅಂಚು ಉಬ್ಬುತ್ತೆ,
ಅಲ್ಲಲ್ಲಿ ಸೀಯುತ್ತೆ.
ನಡುಭಾಗ ಮಾತ್ರ ಮೆತ್ತಗೆ, ಒದ್ದೆ ಒದ್ದೆ.
"ಬೆಂದಿಲ್ಲ" ಅಂತ ವಾಪಸ್ ಕಳಿಸ್ಬೇಡಿ ಮತ್ತೆ,
ಅದು ಇರೋದೇ ಹಾಗೆ.

ತುಂಡು ಮಾಡಿ ಕೊಡಲ್ಲ.
ಚಾಕು, ಫೋರ್ಕ್ ನೀವೇ ಹಿಡೀರಿ.
ಬೀದೀಲಿ ತಿನ್ನೋರಾದ್ರೆ?
ನಾಲ್ಕು ಮಡಿಕೆ ಮಡಚಿ, ಕೈಯಲ್ಲೇ.

ತಿಂದು ಆಯ್ತಾ?
ಹಾಗಾದ್ರೆ ಏಳಿ.
ಹೊರಗೆ ಮುಂದಿನ ನಂಬರ್ ಕೂಗ್ತಿದ್ದಾರೆ.