ಮೂಲವ್ಯಾಧಿಗೆ ಬ್ಯಾಂಡ್, ಕತ್ತರಿ, ಸ್ಟೇಪ್ಲರ್, ದಾರ

ಮೂಲವ್ಯಾಧಿಯ ಮೊಳೆಗಳು ದೇಹದಲ್ಲಿ ಹೊಸದಾಗಿ ಹುಟ್ಟಿಕೊಳ್ಳುವ ಗಂಟುಗಳಲ್ಲ. ಗುದನಾಳದ ಒಳಗೋಡೆಯಲ್ಲಿ ರಕ್ತನಾಳ ಮತ್ತು ಸ್ನಾಯುತಂತುಗಳಿಂದಾದ ಮೂರು ಮೆತ್ತೆಗಳು ಎಲ್ಲರಲ್ಲಿಯೂ ಹುಟ್ಟಿನಿಂದಲೇ ಇರುತ್ತವೆ; ರೋಗಿಯನ್ನು ಅಂಗಾತ ಮಲಗಿಸಿ ಪರೀಕ್ಷಿಸಿದಾಗ ಸಾಮಾನ್ಯವಾಗಿ ಗಡಿಯಾರದ 3, 7 ಮತ್ತು 11 ಗಂಟೆಯ ಸ್ಥಾನಗಳಲ್ಲಿ ಕಾಣುವ ಇವು ಗಾಳಿ, ದ್ರವ ಸೋರದಂತೆ ದ್ವಾರವನ್ನು ಮುಚ್ಚಿಡಲು ನೆರವಾಗುತ್ತವೆ. ಮಲಬದ್ಧತೆ, ಬಹಳ ಹೊತ್ತು ತಿಣುಕುವ ರೂಢಿ, ಬಸಿರು, ವಯಸ್ಸು ಮೊದಲಾದ ಕಾರಣಗಳಿಂದ ಇವನ್ನು ಹಿಡಿದಿಟ್ಟ ಅಂಗಾಂಶ ಸಡಿಲಗೊಂಡು, ಮೆತ್ತೆಗಳು ಉಬ್ಬಿ ಕೆಳಗೆ ಜಾರಿ ರಕ್ತ ಬೀಳತೊಡಗಿದಾಗ ಅದು ರೋಗವೆನಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಹಾವೇರಿ ಜಿಲ್ಲೆಯಲ್ಲಿ, ಅದರಲ್ಲೂ ಖಾರಾ ತಿನಿಸಿಗೆ ಹೆಸರಾದ ಸವಣೂರಿನಲ್ಲಿ, ಮೆಣಸಿನಕಾಯಿಯೇ ಈ ಕಾಯಿಲೆಗೆ ಕಾರಣವೆಂದು ನಂಬುವವರು ಇದ್ದರೆ ಆಶ್ಚರ್ಯವಿಲ್ಲ. ಆದರೆ ಖಾರದಿಂದ ಉರಿ ಹೆಚ್ಚಬಹುದೇ ಹೊರತು ಅದರಿಂದಲೇ ಮೊಳೆ ಬೆಳೆಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಚಿಕಿತ್ಸೆಯ ಆಯ್ಕೆಯನ್ನು ಮೊದಲು ನಿರ್ಧರಿಸುವುದು ಮೊಳೆಯ ಹಂತ. ಮೊದಲ ಹಂತದಲ್ಲಿ ರಕ್ತ ಬೀಳುತ್ತದೆಯಾದರೂ ಮೊಳೆ ಹೊರಬರುವುದಿಲ್ಲ. ಎರಡನೆಯದರಲ್ಲಿ ತಿಣುಕಿದಾಗ ಹೊರಬಂದು ತಾನಾಗಿಯೇ ಒಳಸೇರುತ್ತದೆ. ಮೂರನೆಯದರಲ್ಲಿ ಬೆರಳಿನಿಂದ ಒಳದೂಡಬೇಕಾಗುತ್ತದೆ. ನಾಲ್ಕನೆಯದರಲ್ಲಿ ದೂಡಿದರೂ ಒಳಹೋಗುವುದಿಲ್ಲ. ಮೊದಲೆರಡು ಹಂತದ ಬಹಳಷ್ಟು ರೋಗಿಗಳು ನಾರಿನ ಆಹಾರ, ಇಸಬ್‌ಗೋಲ್, ಸಾಕಷ್ಟು ನೀರು ಮತ್ತು ಬಿಸಿನೀರಿನ ಟಬ್ಬಿನಲ್ಲಿ ಕೂರುವ ಉಪಚಾರದಿಂದಲೇ ಸುಧಾರಿಸುತ್ತಾರೆ.

ಅದಕ್ಕೂ ಬಗ್ಗದಿದ್ದಾಗ, ಶಸ್ತ್ರಚಿಕಿತ್ಸೆಗೆ ಮುನ್ನ ನಿಲ್ಲುವುದು ರಬ್ಬರ್ ಬ್ಯಾಂಡ್ ಕಟ್ಟುವ ವಿಧಾನ. ಗುದನಾಳದ ಒಳಗೆ ದಂತರೇಖೆ ಎಂಬ ಅಂಕುಡೊಂಕು ಗೆರೆಯೊಂದಿದ್ದು, ಅದರ ಮೇಲ್ಭಾಗದಲ್ಲಿ ಚುಚ್ಚಿದರೂ ಕೊಯ್ದರೂ ನೋವು ತಿಳಿಯುವುದಿಲ್ಲ, ಕೆಳಭಾಗದಲ್ಲಿ ಮಾತ್ರ ಕೈಬೆರಳಿನಷ್ಟೇ ಸೂಕ್ಷ್ಮವಾಗಿ ತಿಳಿಯುತ್ತದೆ. ಗೆರೆಯ ಮೇಲೆ ಮೊಳೆಯ ಬುಡವನ್ನು ಎಳೆದು ಪುಟ್ಟ ಬ್ಯಾಂಡ್ ತೊಡಿಸಿದರೆ ರಕ್ತ ಹರಿಯದೆ ಆ ಭಾಗ ಒಣಗಿ ಕೆಲ ದಿನಗಳಲ್ಲಿ ಉದುರುತ್ತದೆ. ಅರಿವಳಿಕೆ ಬೇಕಿಲ್ಲ, ದಾಖಲಾಗಬೇಕಿಲ್ಲ. ಆದರೆ ಇದು ಒಳಮೊಳೆಗೆ ಮಾತ್ರ ಸಲ್ಲುವಂಥದು, ಹಲವರಿಗೆ ಮತ್ತೆ ಮತ್ತೆ ಬೇಕಾಗುವಂಥದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಲೇಬೇಕು.

ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಹಳೆಯದಾದರೂ ಇಂದಿಗೂ ಉಳಿದ ವಿಧಾನಗಳನ್ನು ಅಳೆಯುವ ಮಾನದಂಡ ಅದೇ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಮಿಲಿಗನ್ ಮತ್ತು ಮೋರ್ಗನ್ 1937ರಲ್ಲಿ ಪ್ರಕಟಿಸಿದ ಕ್ರಮದಲ್ಲಿ, ಬೆನ್ನಿಗೆ ಅರಿವಳಿಕೆ ಚುಚ್ಚಿ ಮೂರೂ ಮೊಳೆಗಳನ್ನು ಬುಡದವರೆಗೆ ಬಿಡಿಸಿ, ರಕ್ತನಾಳಕ್ಕೆ ಕಟ್ಟು ಹಾಕಿ ಕತ್ತರಿಸಿ, ಗಾಯವನ್ನು ಹೊಲಿಯದೆ ತಾನಾಗಿ ಮಾಯಲು ಬಿಡಲಾಗುತ್ತದೆ. 1959ರ ಫರ್ಗ್ಯೂಸನ್ ಕ್ರಮದಲ್ಲಿ ಗಾಯವನ್ನು ಹೊಲಿಯಲಾಗುತ್ತದೆ. ಎರಡು ಗಾಯಗಳ ನಡುವೆ ಚರ್ಮದ ಪಟ್ಟಿಯನ್ನು ಉಳಿಸಿಕೊಳ್ಳುವುದರಲ್ಲಿಯೇ ಇಲ್ಲಿಯ ಕೈಚಳಕವಿದೆ. ಅತಿಯಾಗಿ ಕತ್ತರಿಸಿದರೆ ಗಾಯ ಮಾಯುವಾಗ ದ್ವಾರ ಕಿರಿದಾಗುತ್ತದೆ, ಸ್ನಾಯುವಿಗೆ ಪೆಟ್ಟಾದರೆ ಮಲದ ಮೇಲಿನ ಹಿಡಿತ ತಪ್ಪುತ್ತದೆ. ಮೊದಲ ಒಂದೆರಡು ವಾರಗಳ ನೋವು ಹುಡುಗಾಟದ್ದಲ್ಲ. ಅದಕ್ಕೆ ಪ್ರತಿಯಾಗಿ ಸಿಗುವುದು ಬಾಳಿಕೆ.

ನೋವನ್ನು ತಗ್ಗಿಸುವ ಹಂಬಲದಿಂದಲೇ ಹೊಸ ವಿಧಾನಗಳು ಬಂದವು. ಜಪಾನಿನ ಮೊರಿನಾಗ 1995ರಲ್ಲಿ ತೋರಿಸಿಕೊಟ್ಟದ್ದು ಡಾಪ್ಲರ್ ಧ್ವನಿಯಿಂದ ರಕ್ತನಾಳವನ್ನು ಪತ್ತೆಹಚ್ಚಿ ಹೊಲಿದು ಕಟ್ಟುವ ಕ್ರಮ. ಇಟಲಿಯ ಲಾಂಗೊ 1998ರಲ್ಲಿ ಪರಿಚಯಿಸಿದ ಸ್ಟೇಪ್ಲರ್ ವಿಧಾನ ಮೊಳೆಯನ್ನು ಮುಟ್ಟದೆ, ಮೇಲಿನ ಲೋಳೆಪೊರೆಯ ಉಂಗುರವೊಂದನ್ನು ಕತ್ತರಿಸಿ ಪಿನ್ನು ಹೊಡೆದು, ಜಾರಿದ ಮೆತ್ತೆಯನ್ನು ಮೇಲಕ್ಕೆಳೆದು ನಿಲ್ಲಿಸುತ್ತದೆ. ಸ್ಟೇಪ್ಲರಿನಲ್ಲಿ ಆರಂಭದ ನೋವು ಕಡಿಮೆಯೆಂಬುದು ನಿಜ. ಆದರೆ ಬ್ರಿಟನ್ನಿನಲ್ಲಿ 777 ರೋಗಿಗಳನ್ನು ಎರಡು ವರ್ಷ ಹಿಂಬಾಲಿಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳೆಯ ಕತ್ತರಿಯೇ ಮೇಲಾಯಿತು: ರೋಗ ಮರುಕಳಿಸಿದ್ದೂ ಅದರಲ್ಲಿ ಕಡಿಮೆ, ರೋಗಿಗಳ ನೆಮ್ಮದಿಯೂ ಅದರಲ್ಲಿ ಹೆಚ್ಚು, ಖರ್ಚೂ ಕಡಿಮೆ. ಅದೇ ವರ್ಷದ ಇನ್ನೊಂದು ಬ್ರಿಟಿಷ್ ಅಧ್ಯಯನದಲ್ಲಿ, ಎರಡು ಮತ್ತು ಮೂರನೆಯ ಹಂತದವರಲ್ಲಿ ಒಂದು ವರ್ಷದೊಳಗೆ ಮರುಕಳಿಕೆ ರಬ್ಬರ್ ಬ್ಯಾಂಡಿಗೆ ಶೇ 49, ರಕ್ತನಾಳ ಕಟ್ಟುವ ಶಸ್ತ್ರಚಿಕಿತ್ಸೆಗೆ ಶೇ 30 ಇತ್ತು. ಆದರೆ ಇನ್ನೊಮ್ಮೆ ಬ್ಯಾಂಡ್ ಹಾಕಿಸಿಕೊಳ್ಳುವುದನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಿದಾಗ ಆ ಅಂತರ ಬಹಳಷ್ಟು ಕಿರಿದಾಯಿತು. ಜಾಹೀರಾತುಗಳಲ್ಲಿ ಎಲ್ಲ ಹಂತಕ್ಕೂ ಮದ್ದೆಂಬಂತೆ ಮೆರೆಯುವ ಲೇಸರ್ ಕೂಡ ಮುಖ್ಯವಾಗಿ ಈ ಎರಡು, ಮೂರನೆಯ ಹಂತಗಳಿಗೇ ಸರಿಹೊಂದುವಂಥದು.

ಆಯುರ್ವೇದದಲ್ಲಿ ಅರ್ಶಸ್ಸಿಗೆ, ಅಂದರೆ ಮೂಲವ್ಯಾಧಿಗೆ, ಸುಶ್ರುತ ಹೇಳಿದ ಉಪಾಯಗಳು ನಾಲ್ಕು: ಔಷಧಿ, ಕ್ಷಾರ, ಅಗ್ನಿ, ಶಸ್ತ್ರ. ಉತ್ತರಾಣಿಯ ಬೂದಿಯಿಂದ ತೆಗೆದ ಕ್ಷಾರ, ಕಳ್ಳಿಯ ಹಾಲು ಮತ್ತು ಅರಿಸಿನವನ್ನು ದಾರಕ್ಕೆ ಪದರು ಪದರಾಗಿ ಲೇಪಿಸಿ ಒಣಗಿಸಿದ ಕ್ಷಾರಸೂತ್ರವನ್ನು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು ಕಳೆದ ಶತಮಾನದ ಉತ್ತರಾರ್ಧದಲ್ಲಿ ಮತ್ತೆ ಬಳಕೆಗೆ ತಂದರು. ಅದರ ನಿಜವಾದ ಹಿರಿಮೆ ಇರುವುದು ಭಗಂದರದಲ್ಲಿ (ಫಿಸ್ತುಲಾದಲ್ಲಿ). ಮೊಳೆಯ ಬುಡಕ್ಕೂ ಅದನ್ನು ಕಟ್ಟುತ್ತಾರೆ. ಆದರೆ ಆಯುರ್ವೇದದ ಶಸ್ತ್ರಚಿಕಿತ್ಸಾ ವಿಭಾಗವಾದ ಶಲ್ಯತಂತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ವೈದ್ಯರ ಈ ಕೆಲಸಕ್ಕೂ, ಗೋಡೆಬರಹ ಬರೆಸಿ ಆಪರೇಷನ್ ಇಲ್ಲದೆ ಒಂದೇ ಇಂಜೆಕ್ಷನ್ನಿನಲ್ಲಿ ವಾಸಿಮಾಡುವೆವೆಂದು ಕೂರುವವರ ಕೆಲಸಕ್ಕೂ ಸಂಬಂಧವಿಲ್ಲ. ಹೆಸರು ಹೇಳದ ಸುಡುಮದ್ದಿನಿಂದ ದ್ವಾರವೇ ಮುಚ್ಚಿಕೊಳ್ಳುವ ಅಪಾಯವಿದೆ.

ಸವಣೂರಿನ ಎಲೆಬಳ್ಳಿ ತೋಟದ ಆಳಿಗೋ ಹಿರೇಕೆರೂರಿನ ಗೋವಿನಜೋಳದ ರೈತನಿಗೋ ಈ ಹೋಲಿಕೆ ಬೇರೆ ಲೆಕ್ಕವನ್ನೂ ಕೇಳುತ್ತದೆ. ಬ್ಯಾಂಡ್ ಹಾಕಿಸಿಕೊಂಡವನು ಒಂದೆರಡು ದಿನದಲ್ಲಿ ಕೆಲಸಕ್ಕೆ ಮರಳಬಹುದು, ಆದರೆ ಹುಬ್ಬಳ್ಳಿಗೆ ಮತ್ತೆ ಮತ್ತೆ ಹೋಗುವ ಪ್ರಮೇಯ ಬಂದರೆ ಬಸ್ಸಿನ ಚಾರ್ಜು, ಕಳೆದ ಕೂಲಿ ಎರಡೂ ಕೂಡುತ್ತವೆ. ಕತ್ತರಿ ಹಾಕಿಸಿಕೊಂಡವನು ಎರಡರಿಂದ ನಾಲ್ಕು ವಾರ ಮೂಟೆ ಹೊರುವಂತಿಲ್ಲ, ಆದರೆ ಅದು ಹೆಚ್ಚಾಗಿ ಒಂದೇ ಸಲದ ಖರ್ಚು. ನಾಲ್ಕನೆಯ ಹಂತದವನು ಸುಗ್ಗಿ ಮುಗಿದ ಮೇಲೆ ಕತ್ತರಿಗೆ ಒಪ್ಪುವುದು ಜಾಣತನವೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತನ್ನ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ದೊರೆಯುತ್ತದೆ ಎಂಬುದನ್ನು ತಾಲೂಕು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡರೆ ಹಾದಿ ಸಲೀಸು.

ಇದೆಲ್ಲಕ್ಕೂ ಮೊದಲು, ಬೀಳುತ್ತಿರುವ ರಕ್ತ ಮೊಳೆಯದೇ ಎಂಬುದು ಖಚಿತವಾಗಬೇಕು. ನಲವತ್ತೈದು ದಾಟಿದವರಲ್ಲಿ, ತೂಕ ಇಳಿದವರಲ್ಲಿ, ಮಲದ ರೂಢಿ ಬದಲಾದವರಲ್ಲಿ ಕರುಳಿನ ಕ್ಯಾನ್ಸರ್ ಇಲ್ಲವೆಂದು ತಿಳಿಯಲು ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಕೊಳವೆಯ ಪರೀಕ್ಷೆ, ಬೇಕಾಗುತ್ತದೆ. ಚಿಕಿತ್ಸೆಯ ನಂತರವೂ ಎಚ್ಚರ ಬೇಕು: ಶಸ್ತ್ರಚಿಕಿತ್ಸೆಯಾದ ಒಂದು ವಾರದಿಂದ ಎರಡು ವಾರದೊಳಗೆ, ಊರಿಗೆ ಮರಳಿ ಎಲ್ಲವೂ ಸರಿಹೋಯಿತೆನ್ನುವಾಗ, ಒಮ್ಮೊಮ್ಮೆ ದಿಢೀರನೆ ರಕ್ತಸ್ರಾವವಾಗುವುದುಂಟು. ಆಗ ಮನೆಮದ್ದಿಗೆ ಕಾಯದೆ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು.