ಭತ್ತದ ಸಾರಜನಕ: ಹಿಂದಿನ ಬೆಳೆ, ಗದ್ದೆಯ ಕೂಳೆ

ಭತ್ತದ ಪೈರು ಹೀರುವ ಸಾರಜನಕದಲ್ಲಿ ದೊಡ್ಡ ಪಾಲು ಬರುವುದು ಮಣ್ಣಿನಿಂದ. ಮಣ್ಣಿಗೆ ಅದು ಸೇರುವುದರಲ್ಲಿ ಹಿಂದಿನ ಬೆಳೆಗೂ ಅದರ ಉಳಿಕೆಗೂ ಮುಖ್ಯ ಪಾತ್ರವಿದೆ.

ರುದ್ರಪಟ್ಟಣ ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ಊರು. ಇಂಥ ಹೊಳೆದಂಡೆಯ ಗದ್ದೆಗಳಲ್ಲಿ ಕಟಾವಿನ ನಂತರ ಉಳಿಯುವುದು ಕೂಳೆ ಮತ್ತು ಹುಲ್ಲು. ಹುಲ್ಲಿನಲ್ಲಿ ಸಾರಜನಕ ಸುಮಾರು ಶೇ. 0.6 ಮಾತ್ರ, ಇಂಗಾಲ ಅದರ 60-70 ಪಟ್ಟು. ನಾಟಿಯ ಹೊಸ್ತಿಲಲ್ಲಿ ಇದನ್ನು ಉತ್ತರೆ, ಹುಲ್ಲು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಎಳೆಪೈರು ಹಳದಿಯಾಗುತ್ತದೆ. ಮೂರ್ನಾಲ್ಕು ವಾರ ಮೊದಲೇ ಉತ್ತರೆ ಆ ಜೀವಿಗಳು ಸತ್ತು, ಅವು ಹಿಡಿದಿದ್ದ ಸಾರಜನಕ ಅಮೋನಿಯಂ ಆಗಿ ಪೈರಿಗೆ ಸಿಗತೊಡಗುತ್ತದೆ. ಹುಲ್ಲು ಸುಟ್ಟರೆ ಅದರ ಸಾರಜನಕದ ಬಹುಪಾಲು ಹೊಗೆಯೊಡನೆ ಹೋಗುತ್ತದೆ. ಇದು ಖಂಡಿತ ಆಗಬಾರದ ನಷ್ಟ.

ಹಿಂದಿನ ಬೆಳೆ ದ್ವಿದಳದ್ದಾದರೆ ಮಾತು ಬೇರೆ: ಅಲಸಂದೆ, ಹೆಸರು, ಸೆಣಬು, ಡಯಾಂಚ ಗಾಳಿಯಿಂದಲೇ ಸಾರಜನಕ ತರುತ್ತವೆ. ಅದನ್ನು ಹಿಡಿದುಕೊಡುವುದು ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯಾ. ಹೆಸರುಕಾಯಿ ಬಿಡಿಸಿದ ಮೇಲೆ ಗಿಡ ಗದ್ದೆಯಲ್ಲೇ ಉಳಿಯಬೇಕು, ಕಿತ್ತೊಯ್ದರೆ ಮಣ್ಣಿಗೆ ದಕ್ಕುವುದು ಅಲ್ಪ. ಡಯಾಂಚವನ್ನು 45-50 ದಿನಕ್ಕೆ, ಹೂ ಬರುವ ಹೊತ್ತಿಗೆ ಉಳಬೇಕು. ಎಳೆಸೊಪ್ಪು ಬೇಗ ಕೊಳೆಯುತ್ತದೆ, ಬಲಿತ ಕಾಂಡ ತಡಮಾಡುತ್ತದೆ.

ನೀರಿನ ಲೆಕ್ಕವೂ ಇದೆ. ಬೇಸಿಗೆಯ ಒಣ ಮಣ್ಣಿನಲ್ಲಿ ಸಾರಜನಕ ನೈಟ್ರೇಟ್ ಆಗಿ ಕೂಡುತ್ತದೆ. ಗದ್ದೆಗೆ ನೀರು ಕಟ್ಟಿದಾಗ ಅದು ಬಸಿದುಹೋಗುತ್ತದೆ, ಇಲ್ಲವೇ ಅನಿಲವಾಗಿ ಹಾರುತ್ತದೆ. ನಡುವೆ ಒಂದು ಬೆಳೆಯಿದ್ದರೆ ಆ ನೈಟ್ರೇಟನ್ನು ಹೀರಿಟ್ಟುಕೊಂಡು, ಉತ್ತಾಗ ಭತ್ತಕ್ಕೆ ಮರಳಿಸುತ್ತದೆ. ಅಂಥ ಗದ್ದೆಗೆ ಮೇಲುಗೊಬ್ಬರವಾಗಿ ಯೂರಿಯಾ ಕಡಿಮೆ ಸಾಕಾಗುತ್ತದೆ. ಎಷ್ಟು ಎಂಬುದನ್ನು ಎಲೆಯ ಹಸಿರು ನೋಡಿ ನಿರ್ಧರಿಸಬಹುದು.