ಮಂಕುದೀಪದ ಮರ್ಮ

ಬೆಳಕು ಕುಂದಿದೊಡನೆ ದೀಪವನ್ನು ದೂರುವುದು ಮನುಷ್ಯನ ಹಳೆಯ ಅಭ್ಯಾಸ. ಬತ್ತಿ ಕರಿಕಟ್ಟಿದೆಯೋ, ಎಣ್ಣೆ ತೀರಿದೆಯೋ, ಗಾಜಿಗೆ ಮಸಿ ಹಿಡಿದಿದೆಯೋ ಎಂದು ನೋಡುವ ತಾಳ್ಮೆ ನಮ್ಮ ಅಜ್ಜಿಯರಿಗಿತ್ತು, ನಮಗಿಲ್ಲ. ದೀಪ ಮಂಕಾಯಿತೆ? ಇನ್ನೂ ದೊಡ್ಡದನ್ನು ತನ್ನಿ! ಇದು ಈ ಕಾಲದ ತೀರ್ಮಾನ. ಹಳೆಯ ಕಾರುಗಳ ಹೆಡ್‌ಲೈಟುಗಳ ವಿಷಯದಲ್ಲಂತೂ ಈ ಆತುರವು ಹಣವನ್ನಷ್ಟೇ ಅಲ್ಲ, ಒಮ್ಮೊಮ್ಮೆ ಪ್ರಾಣವನ್ನೂ ಕೇಳುವುದುಂಟು.

ಜಮಖಂಡಿಯೂ ಮುಧೋಳವೂ 1948ರವರೆಗೆ ಸಂಸ್ಥಾನಗಳಾಗಿದ್ದವು. ಅರಸೊತ್ತಿಗೆ ಹೋಯಿತು, ಮುಂದಿನ ದಶಕಗಳಲ್ಲಿ ಸ್ಥಿತಿವಂತರ ಮನೆಗಳಿಗೆ ಅಂಬಾಸಿಡರು ಬಂದಿತು, ಫಿಯಟ್ಟು ಬಂದಿತು. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಪದ್ಮಿನಿಯ ಕಾಲ ಅದಕ್ಕೂ ಮೊದಲೇ ಮುಗಿದಿತ್ತು. ಆದರೂ ಅಜ್ಜ ಕೊಂಡ ಕಾರನ್ನು ಮಾರಲು ಮನಸ್ಸಾಗದೆ, ತೊಳೆದು ಒರೆಸಿ ಇಟ್ಟುಕೊಂಡಿರುವ ಕುಟುಂಬಗಳು ನಮ್ಮ ನಾಡಿನಲ್ಲಿ ಕಡಿಮೆಯೇನಲ್ಲ. ಹಗಲಿನಲ್ಲಿ ಇಂಥ ಕಾರಿನ ಗಾಂಭೀರ್ಯವೇ ಬೇರೆ. ಕತ್ತಲಾದ ಮೇಲೆ ಮಾತ್ರ ಅದರ ವಯಸ್ಸು ತಿಳಿಯುತ್ತದೆ.

ಈ ಸೀಮೆಯ ಕತ್ತಲೆಗೆ ಒಂದು ವಿಶೇಷವುಂಟು. 1989ರಲ್ಲಿ ಜಮಖಂಡಿಯ ಬಳಿಯ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದೇ 'ಶ್ರಮಬಿಂದು ಸಾಗರ'. ನೀರಿದ್ದಲ್ಲಿ ಕಬ್ಬು, ಕಬ್ಬಿದ್ದಲ್ಲಿ ಸಕ್ಕರೆ ಕಾರ್ಖಾನೆ. ನುರಿಸುವ ಹಂಗಾಮಿನಲ್ಲಿ ಮುಧೋಳ, ಬೀಳಗಿ, ಸಮೀರವಾಡಿಗಳ ಕಡೆಯ ರಸ್ತೆಗಳಲ್ಲಿ ರಾತ್ರಿಯೆಲ್ಲ ಕಬ್ಬಿನ ಸಾಲು. ಒಂದು ಟ್ರಾಕ್ಟರಿಗೆ ಎರಡು ಟ್ರೇಲರುಗಳು. ಹೊರಗೆ ಚಾಚಿದ ಕಬ್ಬಿನ ಜಲ್ಲೆಗಳು. ಎಷ್ಟೋ ವೇಳೆ ಹಿಂದೊಂದು ಕೆಂಪು ದೀಪವೂ ಇಲ್ಲ. ರೇಡಿಯಂ ಪಟ್ಟಿ ಅಂಟಿಸಿದ್ದಾರೆಂದು ಸಮಾಧಾನಪಡುವಂತಿಲ್ಲ. ಆ ಪಟ್ಟಿಗೆ ಸ್ವಂತ ಬೆಳಕಿಲ್ಲ. ನಾವು ಕೊಟ್ಟದ್ದನ್ನೇ ಅದು ಮರಳಿಸಬೇಕು.

ಲೆಕ್ಕ ನೋಡಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಅಡ್ಡಿ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು, ಅಂದರೆ 25 ಮೀಟರು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿದ್ದರೂ ನಿಲ್ಲಲು ಇನ್ನೂ ಅಷ್ಟೇ ದೂರ ಬೇಕಾದೀತು. ಐವತ್ತು ಮೀಟರಿನಾಚೆಗೆ ಕಾಣದ ಚಾಲಕನು ನಿಜವಾಗಿ ಕಣ್ಣು ಮುಚ್ಚಿಯೇ ಓಡಿಸುತ್ತಿರುತ್ತಾನೆ.

ಹಾಗಾದರೆ ಹಳೆಯ ದೀಪ ಮಂಕಾಗುವುದೇಕೆ? ಕಾಲುವೆಯ ಕೊನೆಯ ಹೊಲದ ರೈತನನ್ನು ಕೇಳಿದರೆ ಅವನೇ ಹೇಳಿಯಾನು. ನದಿಯಲ್ಲಿ ನೀರಿದೆ, ತೂಬೂ ತೆರೆದಿದೆ. ಆದರೆ ದಾರಿಯುದ್ದಕ್ಕೂ ಸೋರಿ, ಹೂಳಿನಲ್ಲಿ ತಡೆದು, ಕೊನೆಗೆ ಮುಟ್ಟುವುದು ಬೊಗಸೆಯಷ್ಟು. ಕಾರಿನಲ್ಲಿಯೂ ಅಷ್ಟೆ. ವಿದ್ಯುತ್ತು ಬ್ಯಾಟರಿಯಿಂದ ಹೊರಟು, ಚಾಲಕನ ಮುಂದಿನ ಸ್ವಿಚ್ಚಿಗೆ ಬಂದು, ಹಳೆಯ ಅಂಬಾಸಿಡರಾದರೆ ಕಾಲಿನಿಂದೊತ್ತುವ ಡಿಪ್ಪರನ್ನು ಹಾದು, ಮರಳಿ ಮುಂದಕ್ಕೆ ಹೋಗಿ ಬಲ್ಬನ್ನು ಸೇರಬೇಕು. ಅಲ್ಲಿಂದ ಕಾರಿನ ಮೈಯ ಮೂಲಕವೇ ಬ್ಯಾಟರಿಗೆ ಹಿಂದಿರುಗಬೇಕು. ನಾಲ್ವತ್ತು ವರ್ಷಗಳಲ್ಲಿ ಸ್ವಿಚ್ಚಿನ ತುದಿ ಸುಟ್ಟಿರುತ್ತದೆ, ತಂತಿಯ ಜೋಡಣೆಗೆ ಕಿಲುಬು ಹಿಡಿದಿರುತ್ತದೆ, ಅರ್ತಿಂಗಿನ ಬೋಲ್ಟಿಗೆ ತುಕ್ಕು ತಿಂದಿರುತ್ತದೆ. ರಬಕವಿ-ಬನಹಟ್ಟಿಯ ನೇಕಾರರು ಬಲ್ಲರು: ಹಾಸಿನಲ್ಲಿ ಒಂದೆಳೆ ಕಡಿದರೂ ಕೊರತೆ ಕಾಣುವುದು ಸಿದ್ಧವಾದ ಸೀರೆಯಲ್ಲಿ.

ಈ ಕೊರತೆಯ ಪರಿಣಾಮವಾದರೂ ಎಷ್ಟು! 12 ವೋಲ್ಟಿನ ಬಲ್ಬಿಗೆ 10.8 ವೋಲ್ಟು ಮಾತ್ರ ಮುಟ್ಟಿದರೆ ಒತ್ತಡ ಕುಂದಿದ್ದು ನೂರಕ್ಕೆ ಹತ್ತು. ಬೆಳಕು ಕುಂದುವುದು ನೂರಕ್ಕೆ ಸುಮಾರು ಮೂವತ್ತು. ಆದುದರಿಂದ ಅಂಗಡಿಗೆ ಹೋಗುವ ಮೊದಲು ಮೀಟರು ಹಿಡಿಯಬೇಕು. ದೀಪ ಹಚ್ಚಿಟ್ಟು ಬ್ಯಾಟರಿಯ ತುದಿಗಳಲ್ಲೊಮ್ಮೆ, ಬಲ್ಬಿನ ತುದಿಗಳಲ್ಲೊಮ್ಮೆ ಅಳೆದು ನೋಡಿ. ವ್ಯತ್ಯಾಸವು ಅರ್ಧ ವೋಲ್ಟನ್ನು ಮೀರಿದರೆ ದೋಷ ದೀಪದ್ದಲ್ಲ, ದಾರಿಯದು.

ಇದನ್ನು ನೋಡದೆ ನೇರವಾಗಿ ನೂರು ವಾಟಿನ ಬಲ್ಬು ತಂದು ಸಿಕ್ಕಿಸುವವರುಂಟು. ಎರಡು ಬಲ್ಬುಗಳಿಗೆ 200 ವಾಟು. ಎಂದರೆ ಸುಮಾರು 17 ಆಂಪಿಯರು. ಮೂಲ ದೀಪಗಳಾದರೋ ಇದರ ಅರ್ಧವನ್ನೂ ಬೇಡುತ್ತಿರಲಿಲ್ಲ. ಬಡಕಲು ತಂತಿ ಇಷ್ಟನ್ನು ಹೊರಲಾರದೆ ಕಾಯುತ್ತದೆ, ಅದರ ಹೊದಿಕೆ ಕರಗುತ್ತದೆ. ಮೊದಲು ಹೊಗೆ, ಬಳಿಕ ಬೆಂಕಿ. ಹಳೆಯ ಡೈನಮೊ ಪೂರ್ಣ ವೇಗದಲ್ಲಿ ಕೊಡುವುದೇ 20 ಆಂಪಿಯರಿನ ಆಸುಪಾಸು. ಇಂಜಿನು ನಿಧಾನವಾದಾಗ ಅದೂ ಇಲ್ಲ. ಆಗ ಬ್ಯಾಟರಿ ತನ್ನ ಗಂಟನ್ನೇ ಕರಗಿಸಬೇಕು.

ಸರಿಯಾದ ಚಿಕಿತ್ಸೆಗೆ ಒಂದು ಕ್ರಮವಿದೆ. ಮೊದಲು ಅರ್ತಿಂಗನ್ನೂ ಜೋಡಣೆಗಳನ್ನೂ ಉಜ್ಜಿ ಶುಚಿಮಾಡಬೇಕು. ಅನಂತರ ಬ್ಯಾಟರಿಯಿಂದ ದೀಪಗಳ ಬಳಿಗೆ ದಪ್ಪ ತಂತಿಯನ್ನು ನೇರವಾಗಿ ಎಳೆದು, ಫ್ಯೂಸಿಟ್ಟು, ನಡುವೆ ರಿಲೇಗಳನ್ನು ಕೂರಿಸಬೇಕು. ಆಗ ಹಳೆಯ ಸ್ವಿಚ್ಚು ಭಾರ ಹೊರುವ ಹಮಾಲನಾಗಿರದೆ ಅಪ್ಪಣೆ ಕೊಡುವ ಯಜಮಾನನಾಗುತ್ತದೆ. ಮೂರನೆಯದಾಗಿ ಕನ್ನಡಿ ನೋಡಬೇಕು. ದೀಪದೊಳಗಿನ ಬೆಳ್ಳಿಹೊಳಪು ಮಾಸಿದ್ದರೆ ಎಂಥ ಬಲ್ಬೂ ವ್ಯರ್ಥ. ಇಷ್ಟಾದ ಮೇಲೂ ಬೆಳಕು ಸಾಲದೆಂದರೆ ಗಾಜು, ಕನ್ನಡಿ, ಬಲ್ಬು ಮೂರೂ ಒಂದಕ್ಕೊಂದು ಹೊಂದುವ 60/55 ವಾಟಿನ ಎಚ್-4 ಹ್ಯಾಲೊಜೆನ್ ದೀಪವನ್ನು ಹಾಕಿಸಬಹುದು. ಹಳೆಯ ಕನ್ನಡಿಗೆ ಎಲ್‌ಇಡಿ ಬಲ್ಬು ಸಿಕ್ಕಿಸಿದರೆ ಬೆಳಕೇನೋ ಬೆಳ್ಳಗಿರುತ್ತದೆ. ಬೀಳಬೇಕಾದಲ್ಲಿ ಬೀಳದೆ ಚೆಲ್ಲಾಪಿಲ್ಲಿಯಾಗುತ್ತದೆ.

ಚೆಲ್ಲಿದ ಆ ಬೆಳಕು ಯಾರ ಕಣ್ಣಿಗೆ? ಎದುರಿನವನ ಕಣ್ಣಿಗೆ. ನಾವು ಎಡಗಡೆ ಚಲಿಸುವವರು. ನಮ್ಮ ಡಿಮ್ ದೀಪ ಎಡದಂಚನ್ನು ತುಸು ಮೇಲೆತ್ತಿ ಬೆಳಗಬೇಕು. ಬಲಗಡೆ ಚಲಿಸುವ ದೇಶಗಳಿಗಾಗಿ ಮಾಡಿದ ಗಾಜನ್ನು ತಂದು ಹಾಕಿದರೆ ಅದು ಎದುರು ಬರುವವನ ಮುಖಕ್ಕೇ ಬಡಿಯುತ್ತದೆ. ಗೋಡೆಯಿಂದ ಹತ್ತು ಮೀಟರು ದೂರದಲ್ಲಿ, ಸಮನೆಲದಲ್ಲಿ ಕಾರನ್ನು ನಿಲ್ಲಿಸಿ ಡಿಮ್ ಹಾಕಿ ನೋಡಿ: ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸುಮಾರು ಹತ್ತು ಸೆಂಟಿಮೀಟರು ಕೆಳಗಿರಬೇಕು. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡುವವರೇ ವಿರಳ.

ಇನ್ನೊಂದು ಮಾತು. ಹಳೆಯ ಕಾರನ್ನು ಪ್ರೀತಿಯಿಂದ ಓಡಿಸುವವರು ಸಾಮಾನ್ಯವಾಗಿ ಮನೆಯ ಹಿರಿಯರೇ. ಅರವತ್ತರ ಕಣ್ಣಿನ ಒಳಪರದೆಗೆ ಸೇರುವ ಬೆಳಕು ಇಪ್ಪತ್ತರ ಕಣ್ಣಿಗೆ ಸೇರುವುದರ ಮೂರರಲ್ಲೊಂದು ಪಾಲು ಮಾತ್ರ. ಬೆಳಕು ರಾಚಿದರೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಎಂದ ಮೇಲೆ ದೀಪವನ್ನು ಸರಿಪಡಿಸುವುದು ಬರಿಯ ಹವ್ಯಾಸವಲ್ಲ, ಮನೆಯವರ ಕರ್ತವ್ಯ. ಅಷ್ಟೆಲ್ಲ ಮಾಡಿಯೂ ಹಂಗಾಮಿನ ರಾತ್ರಿಗಳಲ್ಲಿ ಐವತ್ತರ ವೇಗ ನಲವತ್ತಕ್ಕಿಳಿದರೆ ಅವಮಾನವೇನೂ ಇಲ್ಲ. ಮುಂದೆ ಕತ್ತಲಲ್ಲಿ ಕಬ್ಬಿನ ಹೇರಿನ ಮೇಲೆ ತೂಕಡಿಸುತ್ತ ಕುಳಿತವನಿಗೂ ಒಂದು ಮನೆಯಿದೆ. ಅವನ ದಾರಿ ಕಾಯುವವರೂ ಇದ್ದಾರೆ.